ದಂಡ ಏರಿತು, ಸಾಕ್ಷ್ಯ ಗಟ್ಟಿಯಾಗಲಿಲ್ಲ

ಕೆಲವು ವರ್ಷಗಳ ಹಿಂದೆ ಜಮೀನಿನ ವ್ಯಾಜ್ಯವೊಂದರ ಸಲುವಾಗಿ ನಮ್ಮ ಜಿಲ್ಲೆಯ ನ್ಯಾಯಾಲಯವೊಂದರ ಪಡಸಾಲೆಯಲ್ಲಿ ಅನೇಕ ದಿನ ಕಾಯಬೇಕಾಗಿ ಬಂದಿತ್ತು. ಅಲ್ಲಿ ಕಂಡ ಎರಡು ಮೊಕದ್ದಮೆಗಳು ಇಂದಿಗೂ ನೆನಪಿನಲ್ಲಿವೆ. ಎರಡೂ ಕುಡಿದು ವಾಹನ ಚಲಾಯಿಸಿದ ಆರೋಪದವು. ಮೊಪೆಡ್ ಓಡಿಸುತ್ತಿದ್ದ ಕೂಲಿಯಾಳು ತಪ್ಪೊಪ್ಪಿಕೊಂಡು, ಕೈಸಾಲ ತಂದ ಹತ್ತು ಸಾವಿರ ರೂಪಾಯಿ ಕಟ್ಟಿ ಮಧ್ಯಾಹ್ನದೊಳಗೆ ಊರಿಗೆ ಹೊರಟ. ಕಾರಿನ ಒಡೆಯ ತಪ್ಪೊಪ್ಪಲಿಲ್ಲ. ಆಲ್ಕೋಮೀಟರಿನ ನಿಖರತೆಯ ಪ್ರಮಾಣಪತ್ರವೆಲ್ಲಿ ಎಂದು ಆತನ ವಕೀಲರು ಕೇಳಿದರು. ಅದು ಕಡತದಲ್ಲಿರಲಿಲ್ಲ. ವಾಯಿದೆಯ ಮೇಲೆ ವಾಯಿದೆ ಬಿತ್ತು.

ವಕೀಲರನ್ನು ನಾನು ದೂರಲಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಆಗತಾನೇ ಕುಡಿದವನ ಬಾಯಲ್ಲಿ ಉಳಿದ ಮದ್ಯದಿಂದಲೂ, ಕೆಲವು ಬಾಯಿ ಮುಕ್ಕಳಿಸುವ ದ್ರಾವಣಗಳಿಂದಲೂ ಯಂತ್ರದ ಅಂಕಿ ಏರಬಲ್ಲದು. ಅದೇ ಪ್ರಶ್ನೆಯನ್ನು ಕೂಲಿಯಾಳಿನ ಪರವಾಗಿ ಕೇಳುವವರು ಯಾರೂ ಇರಲಿಲ್ಲವೆಂಬುದೇ ನನ್ನ ಕೊರಗು.

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಅಪರಾಧ. 2019ರ ಸೆಪ್ಟೆಂಬರ್ 1ರಿಂದ ಮೊದಲ ಅಪರಾಧಕ್ಕಿದ್ದ ಗರಿಷ್ಠ ದಂಡ ಎರಡು ಸಾವಿರದಿಂದ ಹತ್ತು ಸಾವಿರಕ್ಕೇರಿತು. ಆರು ತಿಂಗಳವರೆಗಿನ ಸೆರೆವಾಸ ಮೊದಲಿನಿಂದಲೂ ಇದೆ. ಇದನ್ನು ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವಂತಿಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು. ಶಿಕ್ಷೆ ಹೀಗೆ ಬಿಗಿಯಾಯಿತು. ಸಾಕ್ಷ್ಯ ಸಂಗ್ರಹದ ಮಾತೇನು?

ಚಾಲಕನನ್ನು ಬಂಧಿಸಿದರೆ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರ ಪರೀಕ್ಷೆ ಆಗಬೇಕು, ಇಲ್ಲವಾದರೆ ಬಂಧನದಿಂದ ಬಿಡಬೇಕು ಎನ್ನುತ್ತದೆ 202ನೇ ಕಲಮು. ಬಿಡುಗಡೆಯೆಂದರೆ ಖುಲಾಸೆಯಲ್ಲ, ಆದರೂ ತಪ್ಪಿದ ಪರೀಕ್ಷೆಯೇ ಮುಂದೆ ಆರೋಪಿಯ ಆಯುಧವಾಗುತ್ತದೆ. ಕುಣಿಗಲ್ ಬಳಿ ಮಂಗಳೂರು ಹೆದ್ದಾರಿಯಲ್ಲೋ, ಗುಬ್ಬಿಯ ಆಚೆ ತಿಪಟೂರು ರಸ್ತೆಯಲ್ಲೋ ನಡುರಾತ್ರಿ ವಾಹನ ತಡೆದ ಪೇದೆ, ಠಾಣೆ ಮುಟ್ಟಿ, ವೈದ್ಯರನ್ನು ಎಬ್ಬಿಸಿ, ರಕ್ತದ ಮಾದರಿಗೆ ಮೊಹರು ಹಾಕಿಸುವಷ್ಟರಲ್ಲಿ ಎರಡು ಗಂಟೆ ದೊಡ್ಡ ಅವಧಿಯೇನಲ್ಲ.

ಈ ಎಚ್ಚರಿಕೆ ಹೊಸದಲ್ಲ. ವಾಸನೆ, ತೊದಲು ನುಡಿ, ತೂರಾಡುವ ನಡಿಗೆ ಇವಿಷ್ಟರಿಂದಲೇ ಒಬ್ಬನು ಮದ್ಯ ಸೇವಿಸಿದ್ದನೆಂದು ತೀರ್ಮಾನಿಸಲಾಗದೆಂದು ಸುಪ್ರೀಂ ಕೋರ್ಟು 1971ರಲ್ಲಿಯೇ ಬಚ್ಚುಭಾಯಿ ಪ್ರಕರಣದಲ್ಲಿ ಹೇಳಿತ್ತು. ಇದಕ್ಕೆ ವ್ಯತಿರಿಕ್ತವಾಗಿ, 2006ರ ನವೆಂಬರಿನಲ್ಲಿ ಮುಂಬೈಯ ಕಾರ್ಟರ್ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಏಳು ಮಂದಿ ಕಾರಿನಡಿ ಸತ್ತ ಪ್ರಕರಣದಲ್ಲಿ ಚಾಲಕನ ರಕ್ತದಲ್ಲಿ ಶೇ 0.112ರಷ್ಟು ಮದ್ಯಸಾರವಿತ್ತೆಂಬ ವರದಿ ಕಡತದಲ್ಲಿತ್ತು. 2012ರಲ್ಲಿ ಸುಪ್ರೀಂ ಕೋರ್ಟು ಆತನ ಮೂರು ವರ್ಷದ ಶಿಕ್ಷೆಯನ್ನು ಎತ್ತಿಹಿಡಿಯಿತು. ಒಂದು ಕಡೆ ಪ್ರಯೋಗಾಲಯದ ಕಾಗದವಿತ್ತು, ಇನ್ನೊಂದು ಕಡೆ ಇರಲಿಲ್ಲ.

ಆದ್ದರಿಂದ ದಂಡವನ್ನು ಮತ್ತಷ್ಟು ಹೆಚ್ಚಿಸಿರೆಂಬ ಕೂಗಿಗೆ ನನ್ನ ಸಹಮತವಿಲ್ಲ. ಗುಬ್ಬಿ ಹಾಗೂ ಕುಣಿಗಲ್ಲಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯ ವೈದ್ಯರಿಗೆ ಈ ಹೊಣೆ ಸ್ಪಷ್ಟವಾಗಿರಲಿ. ಯಂತ್ರದ ಮುದ್ರಿತ ಚೀಟಿಯ ಪ್ರತಿ ಚಾಲಕನ ಕೈಗೂ ಸಿಗಲಿ, ತಪಾಸಣೆಯ ಪ್ರಮಾಣಪತ್ರ ಮೊದಲ ದಿನವೇ ಕಡತ ಸೇರಲಿ. ತಪ್ಪೊಪ್ಪಿಗೆಗೆ ಮುನ್ನ ಕಾನೂನು ಸೇವಾ ಸಮಿತಿಯ ವಕೀಲರೊಬ್ಬರು ಬಡ ಆರೋಪಿಯೊಡನೆ ಐದು ನಿಮಿಷ ಮಾತನಾಡಲಿ. ಇವಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ.

ಕುಡಿದು ವಾಹನ ಓಡಿಸುವವನ ಬಗ್ಗೆ ನನಗೆ ಕನಿಕರವಿಲ್ಲ. ಅವನ ಎದುರಿಗೆ ಬರುವವರು ನಮ್ಮ ಮಕ್ಕಳೇ. ಆದರೆ ಸಡಿಲ ಕಡತ ಕುಡಿದ ಬಲ್ಲಿದನನ್ನೂ ಪಾರುಮಾಡುತ್ತದೆ, ಕುಡಿಯದ ಬಡವನಿಂದಲೂ ದಂಡ ಕಟ್ಟಿಸುತ್ತದೆ. ಆ ಕೂಲಿಯಾಳು ನಿಜವಾಗಿ ಕುಡಿದಿದ್ದನೋ ಇಲ್ಲವೋ ನಾನರಿಯೆ. ಆ ದಿನ ಅದನ್ನು ಯಾರೂ ಕೇಳಲೇ ಇಲ್ಲ.