ಅಟ್ಟ ಸೇರಿದ ವ್ಯಾಕ್ಯೂಮ್ ಕ್ಲೀನರನ್ನು ಗುಜರಿಗೆ ಹಾಕುವ ಮುನ್ನ



ಹಬ್ಬ ಹತ್ತಿರ ಬಂತೆಂದರೆ ಅಟ್ಟದ ಸಾಮಾನು ಇಳಿಸುವ ಕೆಲಸ ಇದ್ದದ್ದೇ. ಹಿತ್ತಾಳೆ ಕೊಳಗ, ಮಕ್ಕಳ ತೊಟ್ಟಿಲು ಇವುಗಳ ಹಿಂದೆ ಕೆಲವರ ಮನೆಯಲ್ಲಿ ಇನ್ನೊಂದು ವಸ್ತುವೂ ಕೂತಿರುತ್ತದೆ. ಪೀಪಾಯಿಯಂಥ ಮೈ, ಆನೆ ಸೊಂಡಿಲಿನಂಥ ಪೈಪು, ಹಿಂದೆ ಎರಡು ಚಕ್ರ. "ಅಯ್ಯೋ, ಅದು ಈಗ ಧೂಳೇ ಎಳೆಯೋಲ್ಲ, ಬರೀ ಸದ್ದು" ಅಂತ ಗುಜರಿಯವನನ್ನು ಕರೆಯಲು ಹೊರಟಿದ್ದೀರಾ? ಸ್ವಲ್ಪ ತಾಳಿ. ಬಹಳ ಸಲ ಕೆಟ್ಟಿರುವುದು ಯಂತ್ರವಲ್ಲ, ಅದರ ಹೊಟ್ಟೆಯೊಳಗಿನ ಬಟ್ಟೆ.

ವ್ಯಾಕ್ಯೂಮ್ ಕ್ಲೀನರ್ ಧೂಳನ್ನು ಎಳೆಯುತ್ತದೆ ಎನ್ನುತ್ತೇವೆ. ನಿಜ ನೋಡಿದರೆ ಅದು ಮಾಡುವ ಕೆಲಸ ಒಂದೇ: ಒಳಗಿನ ಫ್ಯಾನು ಪೀಪಾಯಿಯಲ್ಲಿರುವ ಗಾಳಿಯನ್ನು ಹಿಂದಿನಿಂದ ಹೊರಕ್ಕೆ ತಳ್ಳುತ್ತದೆ. ಒಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಆ ಕೊರತೆ ತುಂಬಲು ಕೋಣೆಯ ಗಾಳಿ ಪೈಪಿನ ಮೂತಿಯಿಂದ ನುಗ್ಗುತ್ತದೆ, ನುಗ್ಗುವಾಗ ದಾರಿಯಲ್ಲಿದ್ದ ಧೂಳನ್ನೂ ಹೊತ್ತು ತರುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿಯುವಾಗ ಆಗುವುದೂ ಇದೇ. ಇನ್ನು ಉಳಿದದ್ದು, ಬಂದ ಧೂಳನ್ನು ನಿಲ್ಲಿಸಿಕೊಂಡು ಗಾಳಿಯನ್ನಷ್ಟೇ ಬಿಡುವುದು. ಅದು ನಿಮ್ಮ ಅಡುಗೆಮನೆಯ ಕಾಫಿ ಫಿಲ್ಟರಿನ ಕೆಲಸವೇ. ಪುಡಿ ಮೇಲೆ ನಿಲ್ಲಬೇಕು, ಡಿಕಾಕ್ಷನ್ ಕೆಳಗಿಳಿಯಬೇಕು. ಫಿಲ್ಟರಿನ ತೂತು ಕಟ್ಟಿಕೊಂಡರೆ ಎಷ್ಟು ಬಿಸಿನೀರು ಸುರಿದರೇನು?

ಈ ಯಂತ್ರದ ಕಥೆ ಶುರುವಾದದ್ದೇ ಒಂದು ಕರ್ಚೀಫಿನಿಂದ. ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಗಾಳಿ ಊದಿ ಧೂಳು ಹಾರಿಸುವ ಯಂತ್ರವೊಂದನ್ನು ಲಂಡನ್ನಿನಲ್ಲಿ ನೋಡಿದ. ಊದುವುದರ ಬದಲು ಹೀರಿದರೆ ಹೇಗೆ ಅಂತ ಯೋಚನೆ ಬಂತು. ಹೋಟೆಲಿನ ಕುರ್ಚಿಯ ಮೆತ್ತೆಗೆ ಕರ್ಚೀಫು ಹಿಡಿದು, ಅದಕ್ಕೆ ಬಾಯಿಟ್ಟು ಜೋರಾಗಿ ಉಸಿರೆಳೆದನಂತೆ. ಕೆಮ್ಮು ಬಂತು, ಆದರೆ ಬಟ್ಟೆಯ ಮೇಲೆ ಧೂಳಿನ ಗುರುತೂ ಮೂಡಿತ್ತು. 1901ರಲ್ಲಿ ಅವನು ಮಾಡಿದ ಯಂತ್ರ ಎಷ್ಟು ದೊಡ್ಡದೆಂದರೆ ಕುದುರೆಗಾಡಿಯ ಮೇಲೆ ಬೀದಿಗೆ ಬಂದು ನಿಲ್ಲುತ್ತಿತ್ತು. ಕಿಟಕಿಯಿಂದ ಪೈಪು ತೂರಿಸಿ ಮನೆ ಚೊಕ್ಕಟ ಮಾಡುತ್ತಿದ್ದರು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರತ್ನಗಂಬಳಿಗಳ ಧೂಳು ತೆಗೆದದ್ದೂ ಇದೇ.

ಅದನ್ನು ಮನೆಯೊಳಕ್ಕೆ ತಂದವನು ಅಮೆರಿಕದ ಒಹಾಯೋ ಪ್ರಾಂತ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್. ಅಂಗಡಿ ಗುಡಿಸುವ ಕೆಲಸ, ಜೊತೆಗೆ ಉಬ್ಬಸ. ಗುಡಿಸಿದಾಗ ಏಳುವ ಧೂಳು ಅವನ ಪ್ರಾಣ ಹಿಂಡುತ್ತಿತ್ತು. 1907ರಲ್ಲಿ ಒಂದು ಫ್ಯಾನಿನ ಮೋಟಾರು, ಸೋಪಿನ ಪೆಟ್ಟಿಗೆ, ಪೊರಕೆ ಕೋಲು, ಒಂದು ದಿಂಬಿನ ಗವಸು ಕೂಡಿಸಿ ಯಂತ್ರ ಕಟ್ಟಿಯೇಬಿಟ್ಟ. ಗವಸೇ ಧೂಳಿನ ಚೀಲ! 1908ರಲ್ಲಿ ಅದರ ಹಕ್ಕು ಚರ್ಮದ ಸಾಮಾನಿನ ವ್ಯಾಪಾರಿ ಹೂವರ್ ಕುಟುಂಬದ ಪಾಲಾಯಿತು.

ಆದರೆ ಸ್ಪ್ಯಾಂಗ್ಲರನ ನಿಂತ ಯಂತ್ರದಲ್ಲಿ ಧೂಳು ಮೊದಲು ಫ್ಯಾನನ್ನು ಹಾದು, ಆಮೇಲೆ ಚೀಲ ಸೇರುತ್ತಿತ್ತು. ಕಲ್ಲಿನ ಹರಳು, ಗುಂಡಿ, ಪಿನ್ನು ಎಲ್ಲ ಫ್ಯಾನಿನ ರೆಕ್ಕೆಗೆ ಬಡಿಯುವುದೇ. ಮೋಟಾರಿನ ಭಾರವನ್ನೂ ಕೈಯಿಂದಲೇ ಹಿಂದೆ ಮುಂದೆ ತಳ್ಳಬೇಕು. ಸ್ವೀಡನ್ನಿನ ಆಕ್ಸೆಲ್ ವೆನ್ನರ್-ಗ್ರೆನ್ ಕಟ್ಟಿದ ಎಲೆಕ್ಟ್ರೋಲಕ್ಸ್ ಕಂಪನಿ 1921ರಲ್ಲಿ 'ಮಾಡೆಲ್ ಫೈವ್' ತಂದಾಗ ಈ ಎರಡಕ್ಕೂ ಉತ್ತರ ಸಿಕ್ಕಿತು. ಉದ್ದನೆಯ ಪೀಪಾಯಿಯನ್ನು ನೆಲದ ಮೇಲೆ ಮಲಗಿಸಿ, ಅಡಿಗೆ ಹಿಮದ ಮೇಲೆ ಜಾರುವ ಗಾಡಿಗಿರುವಂಥ ಎರಡು ಪಟ್ಟಿ ಕೊಟ್ಟರು. ಭಾರವೆಲ್ಲ ನೆಲದ ಮೇಲೆ, ಕೈಯಲ್ಲಿ ಹಗುರವಾದ ಕೋಲು ಮಾತ್ರ. ಮಂಚದಡಿ, ಬೀರುವಿನ ನೆತ್ತಿ, ಪರದೆಯ ಮಡಿಕೆ, ಎಲ್ಲಿಗೆ ಬೇಕಾದರೂ ತಲುಪಬಹುದು. ಸೊಂಟಕ್ಕೆ ಎಷ್ಟು ಆರಾಮ ಅಂತ ನಿಮಗೆ ಹೇಳಬೇಕಿಲ್ಲ.

ಈಗ ಗಾಳಿಯ ಹಿಂದೆಯೇ ನಾವೂ ಒಳಕ್ಕೆ ಹೋಗೋಣ. ಮೂತಿಯ ಸಂದು ಕಿರಿದು. ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಚಿಮ್ಮುವ ಹಾಗೆ ಕಿರಿದಾದಲ್ಲಿ ಗಾಳಿ ಜೋರಾಗಿ ನುಗ್ಗುತ್ತದೆ. ಹಳೆಯ ಪೈಪುಗಳಲ್ಲಿ ಸುರುಳಿ ತಂತಿ, ಅದರ ಮೇಲೆ ರಬ್ಬರು, ಹೊರಗೆ ನೇಯ್ದ ಬಟ್ಟೆ. ತಂತಿ ಇಲ್ಲದಿದ್ದರೆ ಒಳಗಿನ ಒತ್ತಡ ಕುಸಿದಾಗ ಪೈಪು ಚಪ್ಪಟೆಯಾಗಿಬಿಡುತ್ತಿತ್ತು. ಪೈಪು ಮುಗಿದೊಡನೆ ಚೀಲ. ಚೀಲ ದಾಟಿ ಬಂದ ಚೊಕ್ಕ ಗಾಳಿ ಫ್ಯಾನಿಗೆ, ಅನೇಕ ಮಾದರಿಗಳಲ್ಲಿ ಒಂದರ ಹಿಂದೊಂದು ಎರಡು ಫ್ಯಾನು. ಅಲ್ಲಿಂದ ಅದೇ ಗಾಳಿ ಮೋಟಾರಿನ ಮೈಮೇಲೆ ಹಾದು, ಅದನ್ನು ತಣಿಸಿ, ಹಿಂದಿನಿಂದ ಹೊರಹೋಗುತ್ತದೆ. ನನಗಂತೂ ಈ ಜೋಡಣೆ ಅಚ್ಚುಕಟ್ಟಾದ ಸಂಸಾರದ ಹಾಗೆ ಕಾಣುತ್ತದೆ, ಏನೂ ಪೋಲಾಗಿಲ್ಲ. ಆದರೆ ಎಲ್ಲದರ ಹಣೆಬರಹ ಚೀಲದ ಕೈಯಲ್ಲಿ. ಚೀಲ ಹರಿದರೆ ಧೂಳು ಮೋಟಾರಿಗೆ. ಚೀಲ ಕಟ್ಟಿಕೊಂಡರೆ ತಂಪು ಗಾಳಿಯಿಲ್ಲದೆ ಮೋಟಾರು ಕಾಯುತ್ತದೆ.

ಚೀಲ ಕಟ್ಟಿಕೊಂಡದ್ದನ್ನು ಕಿವಿಯಿಂದಲೇ ತಿಳಿಯಬಹುದು. ಒಳಗಿರುವುದು ನಿಮ್ಮ ಮಿಕ್ಸಿಯಲ್ಲಿರುವಂಥದೇ ಮೋಟಾರು, ಕಾರ್ಬನ್ ಬ್ರಷ್ಷಿನದು. ಚಟ್ನಿ ತುಂಬಿದಾಗ ಮಿಕ್ಸಿ ದಪ್ಪ ದನಿಯಲ್ಲಿ ಗುರುಗುಟ್ಟುತ್ತದೆ, ಖಾಲಿ ಜಾರಿನಲ್ಲಿ ಕೀರಲು ದನಿಯಲ್ಲಿ ಕಿರುಚುತ್ತದೆ, ಅಲ್ವೇ? ಇಲ್ಲಿ ಗಾಳಿಯೇ ಚಟ್ನಿ. ದಾರಿ ಕಟ್ಟಿದರೆ ತಳ್ಳಲು ಗಾಳಿಯೇ ಬರುವುದಿಲ್ಲ, ಮೋಟಾರಿಗೆ ಕೆಲಸ ಕಡಿಮೆಯಾಗಿ ವೇಗ ಏರುತ್ತದೆ, ದನಿ ಕೀರಲಾಗುತ್ತದೆ. "ಸದ್ದು ಜೋರಾಗಿದೆ, ಶಕ್ತಿ ಜಾಸ್ತಿ" ಅಂತ ತಿಳಿಯಬೇಡಿ. ಉಸಿರು ಕಟ್ಟಿದ್ದರ ಕೂಗು ಅದು. 1950ರ ದಶಕದ ಕೆಲವು ಅಮೆರಿಕನ್ ಎಲೆಕ್ಟ್ರೋಲಕ್ಸ್‌ಗಳು ಚೀಲ ಕಟ್ಟಿದೊಡನೆ ಒಳಗಿನ ಒತ್ತಡದ ವ್ಯತ್ಯಾಸದಿಂದಲೇ ತಾವಾಗಿ ನಿಂತು ಮುಚ್ಚಳ ತೆರೆದುಕೊಳ್ಳುತ್ತಿದ್ದವು. ಎಷ್ಟು ಜಾಣತನ ನೋಡಿ!

ಅಂದಚಂದಕ್ಕೂ ಆಗ ಕೊರತೆಯಿರಲಿಲ್ಲ. 1937ರ ಅಮೆರಿಕನ್ ಮಾದರಿಯನ್ನು ಲುರೆಲ್ ಗಿಲ್ಡ್ ಎಂಬ ವಿನ್ಯಾಸಕಾರ ಬೆಳ್ಳಿಯ ಹಾಗೆ ಹೊಳೆಯುವ ಪಟ್ಟಿಗಳಿಂದ ರೈಲು ಎಂಜಿನ್ನಿನಂತೆ ರೂಪಿಸಿದ. ಗಾಳಿ ಸೀಳಿಕೊಂಡು ಓಡುವ ರೈಲಿಗೆ ಆ ಮೈಕಟ್ಟು ಸರಿ, ನಡುಮನೆಯಲ್ಲಿ ತೆವಳುವ ಪೀಪಾಯಿಗೆ ಯಾಕೋ! ಅದೇನೇ ಇರಲಿ, ಈಗ ಅದು ಮ್ಯೂಸಿಯಮ್ಮಿನಲ್ಲಿದೆ. ಹೂವರ್ ಕಂಪನಿಯ ದುಂಡನೆಯ 'ಕಾನ್‌ಸ್ಟೆಲೇಶನ್' ಇನ್ನೂ ಒಂದು ಹೆಜ್ಜೆ ಮುಂದೆ, ಹೊರಬಿಟ್ಟ ಗಾಳಿಯ ಮೇಲೆಯೇ ತೇಲುತ್ತ ಬರುತ್ತಿತ್ತು. ನಮ್ಮ ಕಾವಿ ನೆಲದ ಮೇಲೆ ಚೆನ್ನಾಗಿ ಓಡುತ್ತಿತ್ತೇನೋ.

ಇಷ್ಟೆಲ್ಲ ಬಂದು ಹೆಂಗಸಿನ ಕೆಲಸ ಕಡಿಮೆಯಾಯಿತೇ? ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ 'ಮೋರ್ ವರ್ಕ್ ಫಾರ್ ಮದರ್' ಪುಸ್ತಕದಲ್ಲಿ ಇದನ್ನೇ ಕೇಳಿದರು. ಮೊದಲು ಅಲ್ಲಿ ರತ್ನಗಂಬಳಿಗಳನ್ನು ವರ್ಷಕ್ಕೆ ಒಂದೆರಡು ಸಲ ಅಂಗಳಕ್ಕೆ ಹೊತ್ತು ತಂದು ಬಡಿಯುತ್ತಿದ್ದರು. ಗಂಡಸರು, ಮಕ್ಕಳು, ಆಳುಗಳು ಎಲ್ಲ ಕೈಹಾಕುತ್ತಿದ್ದರು. ಯಂತ್ರ ಬಂದ ಮೇಲೆ ಅದು ಪದೇ ಪದೇ ಮಾಡುವ ಕೆಲಸವಾಯಿತು, ಮಾಡುವವಳು ಒಬ್ಬಳೇ ಆದಳು. ಈ ಪೀಪಾಯಿ ಹಗುರ, ಕೋಲು ಇನ್ನೂ ಹಗುರ. ಮನೆಯ ಗಂಡಸರೂ ಮಕ್ಕಳೂ ಹಿಡಿಯಬಹುದು ಅಂತ ಇಲ್ಲೇ ಬರೆದುಬಿಡುತ್ತೇನೆ, ಅವರಿಗೆ ಓದಿ ಹೇಳಿ.

ನಮ್ಮಲ್ಲಿ ಇದು ಮನೆಮನೆಗೆ ಬಂದದ್ದು ಹೆಚ್ಚಾಗಿ 1982ರ ನಂತರ. ಎಲೆಕ್ಟ್ರೋಲಕ್ಸ್ ಜೊತೆಗೂಡಿ ಆ ವರ್ಷ ಶುರುವಾದ ಯುರೇಕಾ ಫೋರ್ಬ್ಸ್, 'ಯೂರೋಕ್ಲೀನ್' ಹಿಡಿದು ಬಾಗಿಲಿಗೇ ಬಂತು. ರತ್ನಗಂಬಳಿ ಇಲ್ಲದ ನಮ್ಮ ನೆಲಕ್ಕೆ ಪೊರಕೆಯೇ ಸಾಕು, ಒದ್ದೆ ಬಟ್ಟೆ ಅದಕ್ಕಿಂತ ಮೇಲು. ಹಾಸಿಗೆ, ಸೋಫಾ, ಪುಸ್ತಕದ ಬೀರು, ಕಿಟಕಿಯ ಜಾಲರಿ, ಇಲ್ಲಿ ಮಾತ್ರ ಪೊರಕೆ ಧೂಳನ್ನು ಜಾಗ ಬದಲಿಸುತ್ತದೆ ಅಷ್ಟೇ. ಮನೆಯಲ್ಲಿ ಉಬ್ಬಸದವರಿದ್ದರೆ ಈ ಯಂತ್ರ ಉಪಕಾರಿ, ಆದರೆ ಎಚ್ಚರ. ಹಳೆಯ ಬಟ್ಟೆ ಚೀಲ ಅತಿ ನವಿರು ಧೂಳನ್ನು ಹಿಂದಿನಿಂದ ಬಿಟ್ಟುಬಿಡುತ್ತದೆ. ಈಗಿನ ಹೆಪಾ ಫಿಲ್ಟರ್ 0.3 ಮೈಕ್ರಾನಿನ ಕಣಗಳಲ್ಲಿ 99.97 ಭಾಗ ಹಿಡಿಯುವಂಥದು, ಅದಕ್ಕೂ ಇದಕ್ಕೂ ಸಾಟಿಯಿಲ್ಲ. ಆದ್ದರಿಂದ ಕಿಟಕಿ ತೆರೆದಿಡಿ, ಉಬ್ಬಸದವರನ್ನು ಹೊರಗೆ ಕೂರಿಸಿ, ಯಂತ್ರದ ಹಿಂಭಾಗ ಬಾಗಿಲ ಕಡೆಗಿರಲಿ.

ಸರಿ, ಈಗ ಅಟ್ಟದ ಯಂತ್ರ ಕೆಳಗಿಳಿಸಿ. ವಯರಿನ ರಬ್ಬರು ಬಿರಿದಿದ್ದರೆ ಮೊದಲು ಅದನ್ನು ಬದಲಿಸಿ, ಅಲ್ಲಿಯವರೆಗೆ ಪ್ಲಗ್ಗು ಮುಟ್ಟಬೇಡಿ. ಅಮೆರಿಕದಿಂದ ನೆಂಟರು ತಂದದ್ದಾದರೆ ತಗಡಿನ ಪಟ್ಟಿ ಓದಿ. 110 ಅಥವಾ 120 ವೋಲ್ಟ್ ಎಂದಿದ್ದರೆ ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ಚೀಲ ತೆಗೆದು ಅಂಗಳದಲ್ಲಿ ತಿರುವುಮುರುವು ಮಾಡಿ ಬ್ರಷ್ಷಿನಿಂದ ಉಜ್ಜಿ. ಒಗೆದರೆ ಪೂರ್ತಿ ಒಣಗಿಸಿಯೇ ಹಾಕಿ, ತೇವದ ಬಟ್ಟೆಯಲ್ಲಿ ಧೂಳು ಕೆಸರಾಗುತ್ತದೆ. ಚೀಲ ಅರ್ಧ ಖಾಲಿ ಇದ್ದರೂ ತೂತು ಮುಚ್ಚಿರಬಹುದು; ರಂಗೋಲಿ ಪುಡಿ, ಹಿಟ್ಟು, ಸಿಮೆಂಟಿನ ಧೂಳು ಹೀರಿಸಿದರೆ ಬೇಗನೆ ಹಾಗಾಗುತ್ತದೆ. ಬಿಸಿ ಬೂದಿ, ನೀರು ಬೇಡವೇ ಬೇಡ.

ಅಂಗಡಿಯಲ್ಲಿ ಚೀಲ ಸಿಗದಿದ್ದರೆ ಹೊಲಿಗೆ ಬಲ್ಲವರು ತಾವೇ ಹೊಲಿಯಬಹುದು. ಒತ್ತಾಗಿ ನೇಯ್ದ ದಪ್ಪ ಹತ್ತಿ ಬಟ್ಟೆ ಆರಿಸಿ. ಬೆಳಕಿಗೆ ಹಿಡಿದರೆ ತೂತು ಕಾಣಬಾರದು, ಬಾಯಿಟ್ಟು ಊದಿದರೆ ಉಸಿರು ಆಚೆ ಬರಬೇಕು. ಹೊಲಿಗೆಯನ್ನು ಎರಡು ಸಲ ಹಾಕಿ, ಹಳೆಯ ಚೀಲದ ಬಾಯಿಯ ರಬ್ಬರು ಪಟ್ಟಿಯನ್ನು ಬಿಚ್ಚಿ ಇದಕ್ಕೆ ಸೇರಿಸಿ. ಬಾಯಿ ಸಡಿಲವಿದ್ದರೆ ಧೂಳು ಪಕ್ಕದಿಂದ ಮೋಟಾರಿಗೆ ಇಳಿಯುತ್ತದೆ.

ಆಮೇಲೆ ಪರೀಕ್ಷೆ. ಮೂತಿಗೆ ಅಂಗೈ ಒತ್ತಿ "ಎಷ್ಟು ಗಟ್ಟಿ ಹಿಡಿಯುತ್ತೆ" ಅಂತ ಮಾರುವವರು ತೋರಿಸುತ್ತಾರಲ್ಲ, ಅದನ್ನು ನಂಬಬೇಡಿ. ಮೂತಿ ಮುಚ್ಚಿದಾಗ ಹಿಡಿತ ಅತಿ ಹೆಚ್ಚು, ಗಾಳಿಯ ಓಟ ಸೊನ್ನೆ. ಧೂಳು ಸಾಗಿಸುವುದು ಓಟ. ಜಮಖಾನದ ಮೇಲೆ ಒಂದು ಚಮಚ ಒಣ ಮರಳು ಉದುರಿಸಿ ಎಳೆಯಿರಿ, ಎಷ್ಟು ಉಳಿಯುತ್ತದೆ ನೋಡಿ. ವ್ಯಾಟ್ ನೋಡಿಯೂ ಮರುಳಾಗಬೇಡಿ, ಅದು ಕರೆಂಟು ತಿನ್ನುವ ಲೆಕ್ಕ. ಯೂರೋಪಿನ ಒಕ್ಕೂಟ 2014ರಲ್ಲಿ 1600 ವ್ಯಾಟ್, 2017ರಲ್ಲಿ 900 ವ್ಯಾಟ್ ಮಿತಿ ಹಾಕಿತು. ಕಂಪನಿಗಳು ಗಾಳಿಯ ದಾರಿಯನ್ನೇ ತಿದ್ದಿಕೊಂಡವು, ಅಲ್ಲಿಯ ಮನೆಗಳೇನೂ ಕೊಳಕಾಗಲಿಲ್ಲ.

ಚೀಲ ಚೊಕ್ಕಟವಾದ ಮೇಲೂ ಮೋಟಾರು ತಡೆತಡೆದು ತಿರುಗಿ ಕಿಡಿ ಹೆಚ್ಚು ಕಂಡರೆ ಕಾರ್ಬನ್ ಬ್ರಷ್ ಸವೆದಿರಬಹುದು, ಮಿಕ್ಸಿ ರಿಪೇರಿಯವರಲ್ಲಿ ತೋರಿಸಿ. ಮೋಟಾರು ಸರಿಯಿದ್ದೂ ಎಳೆತ ಸಾಲದೆ? ಪೈಪಿನ ಉದ್ದಕ್ಕೂ ಕೈಯಾಡಿಸಿ. ಎಲ್ಲಾದರೂ ತಣ್ಣಗೆ ಗಾಳಿ ಒಳನುಗ್ಗುತ್ತಿದ್ದರೆ ಅಲ್ಲೇ ತೂತು, ಇನ್ಸುಲೇಷನ್ ಟೇಪು ಸುತ್ತಿ. ಎತ್ತಿಡುವಾಗ ಪೈಪನ್ನು ಮಡಿಸಬೇಡಿ, ದೊಡ್ಡ ಸುತ್ತು ಮಾಡಿ ಗೋಡೆಯ ಗೂಟಕ್ಕೆ ಹಾಕಿ.