ಕೊಬ್ಬಿನ ಗುಳಿಗೆ ನಂಜಿಗೆ ಮದ್ದಲ್ಲ

ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಗುಳಿಗೆಗಳು, ಬ್ಯಾಕ್ಟೀರಿಯಾ ಸೋಂಕಿನಿಂದ ಮೈಯೆಲ್ಲ ನಂಜೇರಿದವರನ್ನೂ ಉಳಿಸಬಲ್ಲವೆಂಬ ಆಸೆ 2000ದ ದಶಕದಲ್ಲಿ ವೈದ್ಯಲೋಕದಲ್ಲಿ ಮೂಡಿತ್ತು. ಇಸ್ರೇಲಿನ ವೈದ್ಯರು 2004ರಲ್ಲಿ ಪ್ರಕಟಿಸಿದ 361 ಸೋಂಕುಪೀಡಿತರ ಅಧ್ಯಯನದಲ್ಲಿ, ಮೊದಲೇ ಈ ಗುಳಿಗೆ ಸೇವಿಸುತ್ತಿದ್ದವರ ಪೈಕಿ ಶೇ 2.4ರಷ್ಟು ಮಂದಿಗೆ ಮಾತ್ರ ನಂಜು ತೀವ್ರಗೊಂಡಿತ್ತು. ಉಳಿದವರಲ್ಲಿ ಅದು ಶೇ 19.

ಈ ಲೆಕ್ಕದಲ್ಲಿ ಒಂದು ತೊಡಕಿತ್ತು. ನಿತ್ಯ ಗುಳಿಗೆ ನುಂಗುವವರು ಸಾಮಾನ್ಯವಾಗಿ ವೈದ್ಯರ ಸಂಪರ್ಕದಲ್ಲಿರುವವರು, ಆರೋಗ್ಯದ ಬಗ್ಗೆ ಎಚ್ಚರವುಳ್ಳವರು. ಅವರನ್ನು ಕಾಪಾಡಿದ್ದು ಗುಳಿಗೆಯೋ, ಎಚ್ಚರವೋ? ಚಿಕಿತ್ಸೆಯಾಗಿ ಕೊಟ್ಟು ನೋಡಿದಾಗಲೇ ತಿಳಿಯಬೇಕಿತ್ತು. ಚೀಟಿ ಎತ್ತಿದಂತೆ ರೋಗಿಗಳನ್ನು ವಿಂಗಡಿಸಿ ಅಮೆರಿಕದಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2014ರಲ್ಲಿ ಹೊರಬಂತು. ನಂಜಿನಿಂದ ಶ್ವಾಸಕೋಶ ಕೆಟ್ಟಿದ್ದ 745 ಮಂದಿಯಲ್ಲಿ ರೋಸುವಾಸ್ಟ್ಯಾಟಿನ್ ಸಾವನ್ನು ತಗ್ಗಿಸಲಿಲ್ಲ.

ನಮ್ಮ ಜಿಲ್ಲೆಗೆ ಇದರಲ್ಲೊಂದು ಪಾಠವಿದೆ. ನಂಜಿನ ಆಘಾತಕ್ಕೊಳಗಾದವರಿಗೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಆರಂಭಿಸಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಾದಾಮಿಯಿಂದಲೋ, ಹುನಗುಂದ, ಇಳಕಲ್‌ಗಳಿಂದಲೋ ಬಾಗಲಕೋಟೆಯ ದೊಡ್ಡ ಆಸ್ಪತ್ರೆ ತಲುಪುವಷ್ಟರಲ್ಲೇ ಆ ಗಂಟೆ ಕಳೆದುಹೋಗಬಹುದು. ಆದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲೇ ನಂಜನ್ನು ಗುರುತಿಸಿ, ರಕ್ತದ ಮಾದರಿ ತೆಗೆದು, ಮೊದಲ ಚುಚ್ಚುಮದ್ದು ಹಾಗೂ ಸಲೈನ್ ಕೊಟ್ಟೇ ರೋಗಿಯನ್ನು ಮುಂದಕ್ಕೆ ಕಳಿಸುವ ವ್ಯವಸ್ಥೆಯಾಗಬೇಕೆಂಬುದು ನನ್ನ ಆಗ್ರಹ. ಹೊಸ ಮದ್ದಿನ ನಿರೀಕ್ಷೆಗಿಂತ ಇರುವ ಮದ್ದನ್ನು ಹೊತ್ತಿಗೆ ಸರಿಯಾಗಿ ಕೊಡುವುದೇ ಹೆಚ್ಚು ಜೀವಗಳನ್ನು ಉಳಿಸೀತು.

ಹೃದಯದ ರಕ್ಷಣೆಗೆ ಸ್ಟ್ಯಾಟಿನ್ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ಹಾಗೆಯೇ, ಜ್ವರದೊಡನೆ ಏದುಸಿರು, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗಲೆಂದು ಯಾರೂ ಕಾಯಬಾರದು.