ಕೋಚ್ ಹೋದರೆ ಹುಡುಗರು ಏನು ಮಾಡಬೇಕು?

ಎರಡೇ ವರ್ಷದಲ್ಲಿ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಮೂವರು ಕೋಚ್‌ಗಳು ಬಂದರು. ಎಲ್ಲರೂ ಗುತ್ತಿಗೆಯವರು. ಮೊದಲನೆಯವರು ನನ್ನನ್ನು ಡಿಫೆಂಡರ್ ಮಾಡಿದರು, ಎರಡನೆಯವರು ಫಾರ್ವರ್ಡ್ ಮಾಡಿದರು, ಮೂರನೆಯವರು ಬೆಂಚಿನಲ್ಲಿ ಕೂರಿಸಿದರು.

ಅಮೆರಿಕದ ಕಾಲೇಜು ಫುಟ್‌ಬಾಲ್ ಆಟವೇ ಬೇರೆ. ಆದರೆ ಕಥೆ ಇದೇ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ನಿಕ್ ಸೇಬನ್ 2007ರಿಂದ 17 ಋತು ಕೋಚ್ ಆಗಿದ್ದು, ತಂಡಕ್ಕೆ 6 ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ಟರು. ಅವರನ್ನು ನೋಡಿಯೇ ಹೈಸ್ಕೂಲಿನ ಒಳ್ಳೆಯ ಆಟಗಾರರು ಅಲ್ಲಿ ಸೇರುತ್ತಿದ್ದರು. 2024ರ ಜನವರಿಯಲ್ಲಿ ಅವರು ನಿವೃತ್ತರಾದ ಕೂಡಲೇ ಹಲವರು ಬೇರೆಡೆಗೆ ಹೊರಟರು. ಆ ಜಾಗಕ್ಕೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೋಚ್ ಬಂದರು. ಅಲ್ಲಿನ ತಂಡವೂ ಚದುರಿತು.

ಹುಡುಗರಿಗೆ ನಿಷ್ಠೆ ಇಲ್ಲ ಎನ್ನುವುದು ಸುಲಭ. ಆದರೆ ಕೋಚ್ ಬದಲಾದರೆ 30 ದಿನದೊಳಗೆ ಕಾಲೇಜು ಬದಲಿಸಲು ಮುಂದಾಗಬಹುದು ಎಂಬ ನಿಯಮ ಅಂದು ಅಲ್ಲಿತ್ತು. ಹೋಗುವ ಸ್ವಾತಂತ್ರ್ಯ ಕೋಚ್‌ಗಿದ್ದರೆ ವಿದ್ಯಾರ್ಥಿಗೂ ಇರಬೇಕಲ್ಲವೇ?

ಕ್ರೀಡಾ ಕೋಟಾದಲ್ಲಿ ಸೀಟು ಪಡೆದ ನನ್ನ ಗೆಳೆಯನಿಗೆ ಅಷ್ಟು ಸುಲಭದ ದಾರಿಯಿಲ್ಲ. ಅವನು ಈಗ ಮೈದಾನಕ್ಕೇ ಬರುತ್ತಿಲ್ಲ. ಆಡಳಿತ ಮಂಡಳಿಗಳಿಗೆ ನನ್ನದೊಂದೇ ಕೋರಿಕೆ: ಟ್ರೋಫಿ ಕೇಳುವ ಮೊದಲು ಒಂದು ಬ್ಯಾಚ್ ಬಿ.ಇ. ಮುಗಿಸುವಷ್ಟು ಕಾಲ, ಅಂದರೆ 4 ವರ್ಷ, ಒಬ್ಬರೇ ಕೋಚ್ ಕೊಡಿ.

– ಬಿ.ಇ. ಐದನೇ ಸೆಮಿಸ್ಟರ್ ವಿದ್ಯಾರ್ಥಿ